ಅಂಕಪಟ್ಟಿ ನೋಡಿ ಪ್ರತಿನಿಧಿಯನ್ನು ಆರಿಸಬೇಡಿ

ಚಿಕ್ಕಮಗಳೂರು, ಮೂಡಿಗೆರೆ, ಕಳಸ ಸೀಮೆಯ ಕಾಲೇಜುಗಳ ತರಗತಿ ಪ್ರತಿನಿಧಿಗಳಿಗೆ, ವಿದ್ಯಾರ್ಥಿ ಸಂಘಗಳ ಕಾರ್ಯದರ್ಶಿಗಳಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ವಿದ್ಯಾರ್ಥಿ ಮಿತ್ರರೇ,

ನಿಮ್ಮಲ್ಲಿ ಹೆಚ್ಚಿನವರನ್ನು ಯಾರೂ ಚುನಾಯಿಸಿಲ್ಲ. ಹಿಂದಿನ ಪರೀಕ್ಷೆಯಲ್ಲಿ ತರಗತಿಗೇ ಹೆಚ್ಚು ಅಂಕ ಬಂದವರನ್ನೋ, ಮೇಷ್ಟ್ರ ಕಣ್ಣಿಗೆ ಜವಾಬ್ದಾರಿಯುಳ್ಳವರಾಗಿ ಕಂಡವರನ್ನೋ ಕರೆದು, ನೀನು ಸಿ.ಆರ್., ನೀನು ಸಾಂಸ್ಕೃತಿಕ ಕಾರ್ಯದರ್ಶಿ ಎಂದು ಹೇಳಿ, ವಿದ್ಯಾರ್ಥಿ ಸಂಘದ ಉದ್ಘಾಟನೆಯ ದಿನ ಪ್ರಮಾಣ ವಚನ ಹೇಳಿಸಿ ಬ್ಯಾಡ್ಜ್ ಹಾಕಿರುತ್ತಾರೆ. ಅದರಲ್ಲಿ ನಿಮ್ಮ ದೋಷವಿಲ್ಲ. ಪದ್ಧತಿ ನೀವು ಹುಟ್ಟುವ ಮೊದಲೇ ಬಂದದ್ದು. ಆದರೆ ಅದನ್ನು ಒಳಗೆ ಕುಳಿತು ತಿದ್ದಬಲ್ಲವರು ನೀವೇ. ವರ್ಷದ ಆರಂಭದಲ್ಲಿ ಸಂಘಗಳನ್ನು ಹೊಸದಾಗಿ ರಚಿಸುವಾಗ, ನಿಯಮ ಓದಿ ಸಹಿ ಹಾಕಿಸುವಾಗ, ವಿದ್ಯಾರ್ಥಿಗಳ ಕಡೆಯಿಂದ ಕರೆಯುವುದು ನಿಮ್ಮನ್ನು. ಈ ಬೆಟ್ಟಗಳ ಕಾಲೇಜುಗಳಲ್ಲಿ ಪಾಠ ಹೇಳಿ ನಿವೃತ್ತನಾದ ನಾನು ಈ ಪತ್ರವನ್ನು ಪ್ರಾಂಶುಪಾಲರಿಗೆ ಬರೆಯದೆ ನಿಮಗೆ ಬರೆಯುತ್ತಿರುವುದು ಅದಕ್ಕಾಗಿ.

ಕೇಳುವುದು ಇಷ್ಟು. ಕನ್ನಡ ಸಂಘ, ಪರಿಸರ ಸಂಘದಂಥ ಕಾಲೇಜಿನ ಒಂದು ಸಂಘಕ್ಕೆ ಯಾರು ಸದಸ್ಯರಾಗಬಹುದು, ವಿದ್ಯಾರ್ಥಿ ಮಂಡಳಿಯಲ್ಲಿ ಆ ಸಂಘದ ಪರವಾಗಿ ಯಾರು ಕೂರಬೇಕು ಎನ್ನುವ ಪ್ರಶ್ನೆಗಳಿಗೆ ಅಂಕಪಟ್ಟಿಯಲ್ಲಿ ಉತ್ತರ ಹುಡುಕುವುದನ್ನು ನಿಲ್ಲಿಸಿ. ಸದಸ್ಯತ್ವ ಎಲ್ಲರಿಗೂ ಸಿಗಲಿ. ಪ್ರತಿನಿಧಿಯನ್ನು ಆ ಸಂಘದಲ್ಲಿ ದುಡಿದವರ ನಡುವಿನಿಂದ ಸದಸ್ಯರೇ ಗುಪ್ತ ಮತದಾನದಲ್ಲಿ ಆರಿಸಲಿ.

ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆ ನಿಂತದ್ದು 1989-90ರ ಹೊತ್ತಿಗೆ. ಸುಮ್ಮನೆ ನಿಲ್ಲಿಸಲಿಲ್ಲ, ಹೊಡೆದಾಟ, ಹಣದ ಓಡಾಟ, ಜಾತಿಯ ಗುಂಪು, ಹೊರಗಿನ ಪಕ್ಷಗಳ ಕೈವಾಡ ಎಲ್ಲವೂ ಇದ್ದವು. ಆದರೆ ಅದೇ 1989ರ ಮಾರ್ಚ್ 28ರಂದು ಸಂವಿಧಾನದ 61ನೇ ತಿದ್ದುಪಡಿ ಜಾರಿಗೆ ಬಂದು ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದಿತ್ತು. 1978ರ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರು ಚಿಕ್ಕಮಗಳೂರಿನಿಂದ ನಿಂತು ಇಡೀ ದೇಶ ಈ ಬೆಟ್ಟಗಳ ಕಡೆ ನೋಡುತ್ತಿದ್ದಾಗ, ಇಲ್ಲಿನ ಬಹುಪಾಲು ಪದವಿ ವಿದ್ಯಾರ್ಥಿಗಳಿಗೆ ಮತದ ಹಕ್ಕಿರಲಿಲ್ಲ. ಹತ್ತು ವರ್ಷ ಕಳೆದ ಮೇಲೆ ದೇಶ ಆ ವಯಸ್ಸಿನವರಿಗೆ ಮತದ ಹಕ್ಕು ಕೊಟ್ಟಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಕಾಲೇಜಿನೊಳಗಿನ ಮತ ಹೋಯಿತು. ಇಂದು ನಮ್ಮ ಊರಿನ ಸರ್ಕಾರಿ ಶಾಲೆಯಲ್ಲಿ ಏಳನೇ ತರಗತಿಯ ಹುಡುಗಿ ಶಾಲಾ ಸಂಸತ್ತಿನ ಚುನಾವಣೆಯಲ್ಲಿ ಬೆರಳಿಗೆ ಶಾಯಿ ಹಾಕಿಸಿಕೊಂಡು ಮತ ಹಾಕುತ್ತಾಳೆ, ಆಹಾರ ಮಂತ್ರಿಯನ್ನು ಆರಿಸುತ್ತಾಳೆ. ಅದೇ ಹುಡುಗಿ ಹತ್ತೊಂಬತ್ತಕ್ಕೆ ಬಂದು ಶಾಸಕರನ್ನು ಆರಿಸುವ ಹೊತ್ತಿಗೆ, ತನ್ನ ತರಗತಿಯ ಪ್ರತಿನಿಧಿ ಯಾರೆಂದು ನೋಟಿಸ್ ಬೋರ್ಡ್ ನೋಡಿ ತಿಳಿಯಬೇಕು. ಮತದಾರರ ಸಾಕ್ಷರತಾ ಸಂಘ ಅಂತ ಒಂದು ಬಹಳ ಕಾಲೇಜುಗಳಲ್ಲಿದೆ. ಮತದ ಮಹತ್ವ ಕುರಿತು ಪ್ರಬಂಧ ಸ್ಪರ್ಧೆ ನಡೆಸುವ ಆ ಸಂಘದ ಕಾರ್ಯದರ್ಶಿಯನ್ನಾದರೂ ಮತ ಹಾಕಿ ಆರಿಸಬೇಡವೇ?

ಅಂಕ ನೋಡಿ ನೇಮಿಸುವುದೇ ನಿಯಮ ಎಂದು ನಿಮಗೆ ಯಾರಾದರೂ ಹೇಳಿದರೆ ಲಿಂಗ್ಡೊ ಸಮಿತಿಯ ವರದಿಯನ್ನು ಅವರ ಮುಂದಿಡಿ. ಮಾಜಿ ಮುಖ್ಯ ಚುನಾವಣಾ ಆಯುಕ್ತ ಜೆ.ಎಂ. ಲಿಂಗ್ಡೊ ಅವರ ಅಧ್ಯಕ್ಷತೆಯ ಈ ಸಮಿತಿ ರಚನೆಯಾದದ್ದು ಕೇರಳದ ಕಾಲೇಜುಗಳ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ನಿರ್ದೇಶನದಂತೆ. ಸಮಿತಿ 2006ರ ಮೇ ತಿಂಗಳಲ್ಲಿ ವರದಿ ಕೊಟ್ಟಿತು. ಅದೇ ವರ್ಷ ಸೆಪ್ಟೆಂಬರ್ 22ರಂದು ಕೋರ್ಟ್ ಅದನ್ನು ಒಪ್ಪಿ ಜಾರಿ ಮಾಡಲು ಹೇಳಿತು. ಕ್ಯಾಂಪಸ್ಸಿನ ವಾತಾವರಣ ಕೆಟ್ಟಿದ್ದರೆ ಚುನಾವಣೆಯ ಬದಲು ನಾಮನಿರ್ದೇಶನ ಮಾಡಬಹುದು ಎಂದು ವರದಿ ಹೇಳುತ್ತದೆ, ನಿಜ. ಆದರೆ ಆ ನಾಮನಿರ್ದೇಶನವನ್ನು ಬರೀ ಓದಿನ ಅರ್ಹತೆಯ ಮೇಲೆ ಮಾಡುವುದು ಸರಿಯಲ್ಲ ಎಂದೂ, ಐದು ವರ್ಷದೊಳಗೆ ಎಲ್ಲ ಸಂಸ್ಥೆಗಳೂ ನಾಮನಿರ್ದೇಶನ ಬಿಟ್ಟು ಚುನಾವಣೆಗೆ ಬರಬೇಕೆಂದೂ ಅದೇ ವರದಿಯಲ್ಲಿದೆ. ಆ ಐದು ವರ್ಷ 2011ಕ್ಕೇ ಮುಗಿಯಿತು.

ವರದಿಯ ಅರ್ಹತಾ ನಿಯಮಗಳನ್ನು ನೀವು ಕೂತು ಓದಬೇಕು. ಸ್ಪರ್ಧಿಸುವವರು ಪೂರ್ಣಾವಧಿ ವಿದ್ಯಾರ್ಥಿಗಳಾಗಿರಬೇಕು. ಪದವಿ ತರಗತಿಯವರಿಗೆ ವಯಸ್ಸು 17ರಿಂದ 22. ಸ್ಪರ್ಧಿಸುವ ವರ್ಷ ಯಾವ ವಿಷಯವೂ ಬಾಕಿ ಉಳಿದಿರಬಾರದು. ಹಾಜರಾತಿ ಕನಿಷ್ಠ ಶೇಕಡಾ 75 ಇರಬೇಕು. ಶಿಸ್ತುಕ್ರಮಕ್ಕೆ, ಕ್ರಿಮಿನಲ್ ಪ್ರಕರಣಕ್ಕೆ ಒಳಗಾದವರು ನಿಲ್ಲುವಂತಿಲ್ಲ. ಪದಾಧಿಕಾರಿ ಹುದ್ದೆಗೆ ಒಬ್ಬರಿಗೆ ಒಂದೇ ಅವಕಾಶ, ಕಾರ್ಯಕಾರಿ ಸಮಿತಿಗೆ ಎರಡು. ಖರ್ಚಿನ ಮಿತಿ 5,000 ರೂಪಾಯಿ. ಮುದ್ರಿಸಿದ ಪೋಸ್ಟರ್ ಹಾಕುವಂತಿಲ್ಲ, ಕೈಯಲ್ಲಿ ಬರೆದದ್ದು ಮಾತ್ರ. ಇದರಲ್ಲಿ ಒಂದೇ ಅವಕಾಶದ ನಿಯಮ ನನಗೆ ಬಹಳ ಇಷ್ಟ. ಒಬ್ಬನೇ ಮೂರು ವರ್ಷ ಕ್ರೀಡಾ ಕಾರ್ಯದರ್ಶಿಯಾಗಿ ಕೂತರೆ ಆಮೇಲೆ ಕಬಡ್ಡಿ ತಂಡಕ್ಕೆ ಯಾರು ಸೇರಬೇಕೆಂದು ತೀರ್ಮಾನಿಸುವವನೂ ಅವನೇ ಆಗುತ್ತಾನೆ. ಈ ನಿಯಮವನ್ನು ಕಣ್ಣು ಮುಚ್ಚಿ ತೆಗೆದುಕೊಳ್ಳಿ.

ಉಳಿದವನ್ನು ಕಣ್ಣು ಮುಚ್ಚಿ ತೆಗೆದುಕೊಳ್ಳಬೇಡಿ. ಅವು ಕಾಲೇಜು, ವಿಶ್ವವಿದ್ಯಾಲಯಗಳ ವಿದ್ಯಾರ್ಥಿ ಒಕ್ಕೂಟದ ಚುನಾವಣೆಗಾಗಿ ಬರೆದ ನಿಯಮಗಳು. ಇಡೀ ಕಾಲೇಜಿನ ವಿದ್ಯಾರ್ಥಿ ಸಂಘದ ಅಧ್ಯಕ್ಷ, ಕಾರ್ಯದರ್ಶಿಗಳಿಗೆ ಅವು ಇರಲಿ. ನನ್ನ ತಕರಾರು ಇರುವುದು ಅವನ್ನು ಕೆಳಗಿಳಿಸಿ ಕನ್ನಡ ಸಂಘದ ಸದಸ್ಯತ್ವಕ್ಕೂ, ಪರಿಸರ ಸಂಘದ ಸಹ ಕಾರ್ಯದರ್ಶಿಗೂ ಅಂಟಿಸುವುದರ ಬಗ್ಗೆ. ಬ್ಯಾಕ್‌ಲಾಗ್ ಇದ್ದವರು ನಾಟಕಕ್ಕೆ ಹೆಸರು ಕೊಡುವಂತಿಲ್ಲ, ಅಟೆಂಡೆನ್ಸ್ ಕಡಿಮೆ ಇದ್ದವರು ಎನ್‌ಎಸ್‌ಎಸ್ ಶಿಬಿರಕ್ಕೆ ಬರುವಂತಿಲ್ಲ ಎಂಬ ಮಾತು ಕಾಲೇಜುಗಳಲ್ಲಿ ಕೇಳಿಬರುತ್ತಲೇ ಇರುತ್ತದೆ. ನಮ್ಮ ಸೀಮೆಯಲ್ಲಿ ಆ ಮಾತಿನಿಂದ ಹೊರಗುಳಿಯುವವರು ಯಾರೆಂದು ಒಮ್ಮೆ ಲೆಕ್ಕ ಹಾಕಿ ನೋಡಿ.

ಜೂನ್ ಕೊನೆಗೆ ಆರಿದ್ರಾ ಮಳೆ ಹಿಡಿದರೆ ಪುನರ್ವಸು, ಪುಷ್ಯ ಮುಗಿಯುವವರೆಗೆ ನಮ್ಮ ಕಡೆ ಬಸ್ಸು ಬಂದರೆ ಬಂತು. ಕಳಸ-ಹೊರನಾಡು ನಡುವಿನ ಹೆಬ್ಬಾಳೆ ಸೇತುವೆಯ ಮೇಲೆ ಭದ್ರೆ ಹತ್ತಿದ ದಿನ ಆಚೆ ದಡದವರು ಆಚೆಯೇ. 2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನ ಗುಡ್ಡಗಳು ಜರಿದು ಚಾರ್ಮಾಡಿ ರಸ್ತೆ ಬಂದಾದಾಗ, ಮನೆ ತೋಟ ಕಳೆದುಕೊಂಡ ಕುಟುಂಬಗಳ ಮಕ್ಕಳಿಗೆ ಹಾಜರಿ ಪುಸ್ತಕದ ಯೋಚನೆ ಎಲ್ಲಿಂದ ಬರಬೇಕು? ಮಳೆಗೆ ಜಿಲ್ಲಾಡಳಿತ ರಜೆ ಕೊಟ್ಟ ದಿನಗಳಿಗೆ ಯಾರ ಲೆಕ್ಕವೂ ಕೆಡುವುದಿಲ್ಲ. ರಜೆ ಇಲ್ಲದ ದಿನ, ಪೇಟೆಯಲ್ಲಿ ಬಿಸಿಲಿದ್ದು ಸಂಸೆ ಕಡೆ ಮರ ಬಿದ್ದ ದಿನ, ಗೈರುಹಾಜರಿ ಬೀಳುವುದು ದೂರದವರಿಗೆ.

ಮಳೆ ಮುಗಿದರೆ ಕೊಯ್ಲು. ಅರೇಬಿಕಾ ಹಣ್ಣು ನವೆಂಬರಿನಿಂದ, ರೊಬಸ್ಟಾ ಜನವರಿಯಿಂದ ಮಾರ್ಚಿನವರೆಗೆ. ತೋಟದ ಕಾರ್ಮಿಕರ ಲೈನ್ ಮನೆಯಿಂದ ಕಾಲೇಜಿಗೆ ಬರುವ ಹುಡುಗ ಹುಡುಗಿಯರಲ್ಲಿ ಎಷ್ಟೋ ಮಂದಿ ಈ ತಿಂಗಳುಗಳಲ್ಲಿ ವಾರಕ್ಕೆ ಒಂದೆರಡು ದಿನ ಅಪ್ಪ ಅಮ್ಮನ ಜೊತೆ ಹಣ್ಣು ಕುಯ್ಯಲು ಹೋಗುತ್ತಾರೆ. ಕೆ.ಜಿ. ಲೆಕ್ಕದಲ್ಲಿ ಬರುವ ಆ ದುಡ್ಡೇ ಎಷ್ಟೋ ಸಲ ಅವರ ಪರೀಕ್ಷಾ ಶುಲ್ಕ. ಸಣ್ಣ ಹಿಡುವಳಿಯ ಮನೆಗಳಲ್ಲೂ ಇದೇ ಕಥೆ; ಆಳು ಸಿಗದಿದ್ದರೆ ಮಕ್ಕಳೇ ಕಣ ಕಾಯಬೇಕು. ಪರೀಕ್ಷೆಗೆ ಕೂರಲು ಬೇಕಾದ ಹಾಜರಾತಿಯನ್ನು ಇವರು ಹೇಗೋ ಹೊಂದಿಸಿಕೊಳ್ಳುತ್ತಾರೆ. ಅದರ ಮೇಲೆ ಸಂಘಕ್ಕೂ ಬೇರೆ ಗೆರೆ ಎಳೆದರೆ, ಕಾಫಿಯ ಜಿಲ್ಲೆಯ ಕಾಲೇಜಿನಲ್ಲಿ ಕಾಫಿ ಕುಯ್ಯುವ ಕೈಗಳಿಗೆ ಮಾತ್ರ ಸಂಘದಲ್ಲಿ ಜಾಗವಿಲ್ಲದಂತಾಗುತ್ತದೆ.

ವಯಸ್ಸಿನ ಮಿತಿಯನ್ನೂ ಹೀಗೇ ನೋಡಿ. ನಾಲ್ಕೈದು ವರ್ಷದ ವೃತ್ತಿಪರ ಕೋರ್ಸುಗಳಿಗೆ ವಯಸ್ಸಿನಲ್ಲಿ ಸಡಿಲಿಕೆ ಕೊಡಬಹುದು ಎಂದು ಸಮಿತಿ ಹೇಳಿದೆ. ಪಿ.ಯು. ಮುಗಿಸಿ ಮೂರು ವರ್ಷ ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ದುಡಿದು, ತಂಗಿಯ ಮದುವೆ ಮುಗಿಸಿ, ಬಿ.ಎ.ಗೆ ಸೇರಿದವನ ವಿಚಾರ ಅಲ್ಲಿಲ್ಲ. ಕೊನೆಯ ವರ್ಷಕ್ಕೆ ಬರುವಾಗ ಅವನಿಗೆ ಇಪ್ಪತ್ಮೂರೋ ಇಪ್ಪತ್ನಾಲ್ಕೋ ಆಗಿರುತ್ತದೆ. ಅಂಥವರು ತರಗತಿಯಲ್ಲಿದ್ದರೆ ಉಳಿದವರಿಗೆ ಅಣ್ಣನಿದ್ದಂತೆ. ಪ್ರಾಂಶುಪಾಲರ ಎದುರು ಅಂಜದೆ ಮಾತಾಡಬಲ್ಲವರೂ ಅವರೇ. ಸಂಘಗಳ ಮಟ್ಟದಲ್ಲಿ ವಯಸ್ಸಿನ ಮಿತಿಯನ್ನು ಪೂರ್ತಿ ತೆಗೆದುಬಿಡಿ. ಆ ವರ್ಷದ ಪ್ರವೇಶ ಪಡೆದಿದ್ದರೆ ಸಾಕು.

ಇನ್ನು ಹೊತ್ತಿನ ವಿಚಾರ. ಇದನ್ನು ಯಾವ ನಿಯಮಾವಳಿಯೂ ಬರೆಯುವುದಿಲ್ಲ, ಆದರೆ ಎಲ್ಲ ನಿಯಮಗಳಿಗಿಂತ ಹೆಚ್ಚು ಜನರನ್ನು ಹೊರಗಿಡುವುದು ಇದೇ. ಸಂಘದ ಸಭೆಯನ್ನು ಸಂಜೆ ನಾಲ್ಕಕ್ಕೆ ಕರೆದರೆ ಸಭೆಗೆ ಉಳಿಯುವವರು ಪೇಟೆಯವರು, ಹಾಸ್ಟೆಲ್ಲಿನವರು. ಕೊಟ್ಟಿಗೆಹಾರ, ಜನ್ನಾಪುರ, ಆಲ್ದೂರು, ಬಾಸಾಪುರದ ಕಡೆಗೆ ಹೋಗುವವರು ಬಸ್ ಸ್ಟ್ಯಾಂಡಿನಲ್ಲಿರುತ್ತಾರೆ. ಆ ಬಸ್ಸು ತಪ್ಪಿದರೆ ಅವರಿಗೆ ರಾತ್ರಿ. ಕೊಪ್ಪದಲ್ಲಿ ಕಾರ್ಮಿಕರೇ ಸೇರಿ 1991ರಲ್ಲಿ ಕಟ್ಟಿದ ಸಹಕಾರ ಸಾರಿಗೆ ಮಲೆನಾಡಿನ ಮೂಲೆಮೂಲೆಯ ಮಕ್ಕಳನ್ನು ಕಾಲೇಜಿಗೆ ಮುಟ್ಟಿಸುತ್ತಿತ್ತು. 2020ರ ಆರಂಭದಲ್ಲಿ ಅದೂ ನಿಂತಿತು. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಹುಡುಗಿಯರಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾದದ್ದು ದೊಡ್ಡ ಅನುಕೂಲ, ಆದರೆ ಸರ್ಕಾರಿ ಬಸ್ಸು ಓಡುವ ದಾರಿಯಲ್ಲಿ ಮನೆಯಿದ್ದರೆ ತಾನೆ? ಆದ್ದರಿಂದ ಸದಸ್ಯರ ಸಭೆ, ಮತದಾನ, ನಾಟಕದ ಆಯ್ಕೆ ಎಲ್ಲವೂ ಕಾಲೇಜಿನ ವೇಳೆಯಲ್ಲೇ, ಮಧ್ಯಾಹ್ನದ ಬಿಡುವಿನೊಳಗೇ ನಡೆಯಬೇಕು ಎಂದು ನಿಯಮದಲ್ಲಿ ಬರೆಸಿ. ಸಂಜೆ ನಡೆದ ಸಭೆಯ ತೀರ್ಮಾನ ಊರ್ಜಿತವಲ್ಲ ಎಂದೂ ಬರೆಸಿ.

ಎನ್‌ಎಸ್‌ಎಸ್‌ಗೆ ತನ್ನದೇ ಲೆಕ್ಕವಿದೆ: ಎರಡು ವರ್ಷಕ್ಕೆ 240 ಗಂಟೆಯ ಸೇವೆ, ಏಳು ದಿನದ ವಿಶೇಷ ಶಿಬಿರ. ಅದು ಪ್ರಮಾಣಪತ್ರಕ್ಕೆ ಬೇಕಾದ ಲೆಕ್ಕ. ದುಡಿಮೆಯನ್ನು ಅಳೆಯುವ ಇಂಥ ಗೆರೆಗೆ ನನ್ನ ವಿರೋಧವಿಲ್ಲ. ನೋಡಿ, ಅಲ್ಲಿ ಯಾರೂ ಅಂಕ ಕೇಳುವುದಿಲ್ಲ. ಎಷ್ಟು ಹೊತ್ತು ಗುದ್ದಲಿ ಹಿಡಿದೆ ಎಂದು ಕೇಳುತ್ತಾರೆ. ಸಂಘದ ಪ್ರತಿನಿಧಿಯಾಗಲು ಅರ್ಹತೆ ಬೇಕೇ ಬೇಕು ಎನ್ನುವುದಾದರೆ ಇದೇ ಬಗೆಯ ಅರ್ಹತೆ ಇಡಿ: ಆ ಸಂಘದ ಕೆಲಸದಲ್ಲಿ ಹಿಂದಿನ ಒಂದು ಸೆಮಿಸ್ಟರ್ ಪಾಲ್ಗೊಂಡಿರಬೇಕು. ಅಷ್ಟೇ. ಭಿತ್ತಿಪತ್ರಿಕೆಗೆ ಬರೆದವರು ಸಾಹಿತ್ಯ ಸಂಘಕ್ಕೆ, ಸಸಿ ನೆಟ್ಟು ನೀರು ಹೊತ್ತವರು ಪರಿಸರ ಸಂಘಕ್ಕೆ ನಿಲ್ಲಲಿ.

ವಿದ್ಯಾರ್ಥಿ ಮಂಡಳಿಯಲ್ಲಿ ಯಾವ ಸಂಘಕ್ಕೆ ಸ್ಥಾನ, ಯಾವುದಕ್ಕಿಲ್ಲ ಎನ್ನುವಲ್ಲೂ ಅನ್ಯಾಯವಿದೆ. ಕ್ರೀಡೆ, ಸಾಂಸ್ಕೃತಿಕ, ಎನ್‌ಸಿಸಿ, ಎನ್‌ಎಸ್‌ಎಸ್‌ಗೆ ಕುರ್ಚಿ ಇರುತ್ತದೆ. ಮಹಿಳಾ ವೇದಿಕೆ, ರೆಡ್ ಕ್ರಾಸ್, ಗ್ರಂಥಾಲಯ ಸಮಿತಿಗೆ ಎಷ್ಟೋ ಕಡೆ ಇರುವುದಿಲ್ಲ. ನಿಮ್ಮ ಕಣ್ಣೆದುರಿನ ಕಾಫಿ ಮಂಡಳಿಯನ್ನೇ ನೋಡಿ. 1942ರ ಕಾಫಿ ಕಾಯ್ದೆಯಡಿ ರಚನೆಯಾದ 33 ಸದಸ್ಯರ ಆ ಮಂಡಳಿಯಲ್ಲಿ ಬೆಳೆಗಾರರಷ್ಟೇ ಇಲ್ಲ. ವ್ಯಾಪಾರಿಗಳು, ಕ್ಯೂರಿಂಗ್ ವರ್ಕ್ಸ್‌ನವರು, ಕಾರ್ಮಿಕರು, ಗ್ರಾಹಕರು ಎಲ್ಲರ ಪರವಾಗಿಯೂ ಸ್ಥಾನಗಳಿವೆ. ಅಲ್ಲೂ ಕೇಂದ್ರ ಸರ್ಕಾರವೇ ನೇಮಿಸುತ್ತದೆ, ಒಪ್ಪುತ್ತೇನೆ. ಆದರೆ ಕಾಫಿಗೆ ಕೈ ಹಚ್ಚಿದ ಪ್ರತಿಯೊಂದು ಬಗೆಯ ಜನಕ್ಕೂ ಒಂದು ದನಿ ಇರಬೇಕೆಂಬ ವಿಚಾರವನ್ನು ಎಂಬತ್ತು ವರ್ಷ ಹಿಂದೆಯೇ ಒಪ್ಪಲಾಗಿತ್ತು. ನಿಮ್ಮ ಮಂಡಳಿಯಲ್ಲೂ ಹಾಗೇ ಆಗಲಿ: ನಿಗದಿತ ಸಂಖ್ಯೆಯ ಸದಸ್ಯರಿದ್ದು, ವರ್ಷಕ್ಕೆ ಒಂದೆರಡು ಕಾರ್ಯಕ್ರಮ ಮಾಡಿದ ಪ್ರತಿ ಸಂಘಕ್ಕೂ ಒಂದು ಸ್ಥಾನ, ಒಂದು ಮತ. ಸದಸ್ಯರು ಐವತ್ತಿರಲಿ ಇನ್ನೂರಿರಲಿ, ಮತ ಒಂದೇ. ಒಬ್ಬರೇ ಎರಡು ಸಂಘಗಳ ಪರವಾಗಿ ಕೂರುವಂತಿಲ್ಲ. ಮೊದಲ ವರ್ಷದವರಿಗೆ ಪ್ರತ್ಯೇಕ ಸ್ಥಾನವಿರಲಿ. ಯುಜಿಸಿಯ 2009ರ ರ‍್ಯಾಗಿಂಗ್ ತಡೆ ನಿಯಮಗಳೇ ಕಾಲೇಜಿನ ಸಮಿತಿಯಲ್ಲಿ ಹೊಸಬರ ಪ್ರತಿನಿಧಿ ಇರಬೇಕು ಎನ್ನುತ್ತವೆ.

ಲೈಂಗಿಕ ಕಿರುಕುಳ ತಡೆ ಕುರಿತ ಯುಜಿಸಿಯ 2015ರ ನಿಯಮಗಳನ್ನೂ ಗಮನಿಸಿ. ದೂರು ವಿದ್ಯಾರ್ಥಿಗಳಿಗೆ ಸಂಬಂಧಿಸಿದ್ದಾದರೆ ಆಂತರಿಕ ದೂರು ಸಮಿತಿಯಲ್ಲಿ ವಿದ್ಯಾರ್ಥಿ ಸದಸ್ಯರಿರಬೇಕು, ಅವರು ಪಾರದರ್ಶಕವಾದ ಪ್ರಜಾಸತ್ತಾತ್ಮಕ ವಿಧಾನದಿಂದ ಚುನಾಯಿತರಾಗಿರಬೇಕು ಎಂದು ಅಲ್ಲಿ ಬರೆದಿದೆ. ಅಂದರೆ ಕಾಲೇಜಿನೊಳಗೆ ಮತದಾನವೇ ಕೂಡದು ಎನ್ನುವ ವಾದಕ್ಕೆ ಆಧಾರವಿಲ್ಲ. ಬಹಳ ನಾಜೂಕಾದ ಒಂದು ಸಮಿತಿಗೇ ವಿದ್ಯಾರ್ಥಿಗಳು ಮತ ಹಾಕಿ ಆರಿಸಬಹುದಾದರೆ, ಪರಿಸರ ಸಂಘಕ್ಕೆ ಆರಿಸುವುದರಲ್ಲಿ ಭಯವೇನು?

ಭಯ ಇದೆ ಎಂದು ನನಗೆ ಗೊತ್ತು. 2022ರ ಆರಂಭದಲ್ಲಿ ಹಿಜಾಬ್, ಕೇಸರಿ ಶಾಲಿನ ಗದ್ದಲ ಉಡುಪಿಯಲ್ಲಷ್ಟೇ ಉಳಿಯದೆ ನಮ್ಮ ಜಿಲ್ಲೆಯ ಕೊಪ್ಪದವರೆಗೂ ಬಂದಿತ್ತು. ಮತದಾನ ಶುರುವಾದರೆ ಜಾತಿ, ಧರ್ಮ, ಪಕ್ಷ ಕ್ಯಾಂಪಸ್ಸಿಗೆ ಬರುತ್ತವೆ ಎಂದು ಹಿರಿಯ ಸಹೋದ್ಯೋಗಿಗಳು ಹೇಳುವಾಗ ಅವರ ಮನಸ್ಸಿನಲ್ಲಿರುವುದು ಅಂಥ ದಿನಗಳು. ಆದರೆ ಆ ಗದ್ದಲ ಬಂದದ್ದು ಚುನಾವಣೆ ನಿಂತು ಮೂವತ್ತು ವರ್ಷ ಕಳೆದ ಮೇಲೆ. ಚುನಾವಣೆ ಇಲ್ಲದಿದ್ದರೂ ಅದು ಒಳಗೆ ಬಂತು. ಬಂದಾಗ ಎರಡೂ ಕಡೆಯ ಹುಡುಗರನ್ನು ಕೂರಿಸಿ ಮಾತಾಡಿಸಬಲ್ಲ, ಎರಡೂ ಕಡೆಯವರು ನಮ್ಮವರೆಂದು ಒಪ್ಪುವ ವಿದ್ಯಾರ್ಥಿ ಮುಖಂಡರು ನನಗೆ ಕಾಣಲಿಲ್ಲ. ಅಂಕದಿಂದ ನೇಮಕಗೊಂಡ ಪ್ರತಿನಿಧಿಯ ಮಾತನ್ನು ತರಗತಿ ಯಾಕೆ ಕೇಳಬೇಕು? ತರಗತಿ ಅವರನ್ನು ಕಳಿಸಿಲ್ಲವಲ್ಲ. ನಾಟಕ, ಚಾರಣ, ರಕ್ತದಾನ ಶಿಬಿರ ಒಟ್ಟಿಗೆ ಮಾಡಿದ ಮಕ್ಕಳು ತಮ್ಮೊಳಗಿನಿಂದ ಆರಿಸಿದ ಒಬ್ಬರಿದ್ದಿದ್ದರೆ ಮಾತಿಗೆ ದಾರಿಯಾದರೂ ಇರುತ್ತಿತ್ತು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಪಕ್ಷಗಳನ್ನು ಹೊರಗಿಡುವುದಕ್ಕೆ ಖರ್ಚನ್ನೇ ಇಲ್ಲವಾಗಿಸುವುದು ಒಳ್ಳೆಯ ಉಪಾಯ. ಸಂಘದ ಮತದಾನಕ್ಕೆ ಐದು ಸಾವಿರದ ಮಿತಿಯೂ ಬೇಡ. ಒಂದು ರೂಪಾಯಿಯೂ ಬೇಡ. ಪೋಸ್ಟರಿಲ್ಲ, ಫ್ಲೆಕ್ಸಿಲ್ಲ, ಊಟವಿಲ್ಲ. ನಿಲ್ಲುವವರು ಸದಸ್ಯರ ಎದುರು ಐದು ನಿಮಿಷ ಮಾತಾಡಲಿ, ಈ ವರ್ಷ ಏನು ಮಾಡುತ್ತೇನೆಂದು ಹೇಳಲಿ. ಚೀಟಿ ಬರೆದು ಡಬ್ಬಿಗೆ ಹಾಕಿ, ಅಲ್ಲೇ ಎಣಿಸಿ, ಅಲ್ಲೇ ಪ್ರಕಟಿಸಿ. ಸಂಚಾಲಕ ಅಧ್ಯಾಪಕರು ಕೂತು ನೋಡಲಿ, ಚೀಟಿ ಮುಟ್ಟದಿರಲಿ. ತಕರಾರು ಬಂದರೆ ಕೇಳಲು ಸ್ಪರ್ಧೆಯಲ್ಲಿಲ್ಲದ ಇಬ್ಬರು ವಿದ್ಯಾರ್ಥಿಗಳು, ಒಬ್ಬ ಅಧ್ಯಾಪಕರ ಸಮಿತಿ ಸಾಕು. ವರ್ಷದ ನಡುವೆ ಕೆಲಸ ಮಾಡದ ಪ್ರತಿನಿಧಿಯನ್ನು ಅರ್ಧಕ್ಕಿಂತ ಹೆಚ್ಚು ಸದಸ್ಯರು ಸಹಿ ಹಾಕಿ ಬದಲಿಸಬಹುದು ಎಂಬ ನಿಯಮವೂ ಇರಲಿ; ಇದನ್ನು ಮರೆಯಬೇಡಿ.

ಜಿಲ್ಲೆಯ ಪದವಿ ಕಾಲೇಜುಗಳು ಕುವೆಂಪು ವಿಶ್ವವಿದ್ಯಾಲಯಕ್ಕೆ, ಎಂಜಿನಿಯರಿಂಗ್ ಕಾಲೇಜು ಬೆಳಗಾವಿಯ ವಿಟಿಯುಗೆ, ಮೂಡಿಗೆರೆಯ ತೋಟಗಾರಿಕಾ ಕಾಲೇಜು ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯಕ್ಕೆ ಸೇರಿದವು. ಮೇಲಿನಿಂದ ಎಲ್ಲರಿಗೂ ಒಂದೇ ಸುತ್ತೋಲೆ ಬರಲಿ ಎಂದು ಕಾದರೆ ನಿಮ್ಮ ಡಿಗ್ರಿ ಮುಗಿದಿರುತ್ತದೆ. ಇಡೀ ಕಾಲೇಜಿನ ನೇರ ಚುನಾವಣೆಗೆ ಸರ್ಕಾರದ ತೀರ್ಮಾನ ಬೇಕು. ಸಂಘವೊಂದು ತನ್ನ ಸದಸ್ಯರೊಳಗಿನಿಂದ ಒಬ್ಬರನ್ನು ಆರಿಸಿ ಕಳಿಸಲು ನಿಮ್ಮ ಪ್ರಾಂಶುಪಾಲರ ಒಪ್ಪಿಗೆ ಸಾಕು. ಒಪ್ಪಿಗೆ ಕೇಳುವ ಮೊದಲು ನಿಯಮಾವಳಿ ಕೈಯಲ್ಲಿರಲಿ, ಎರಡು ಪುಟ ಮೀರದಿರಲಿ, ಕನ್ನಡದಲ್ಲಿರಲಿ, ಮೊದಲ ವರ್ಷದ ಬಿ.ಎ. ಹುಡುಗ ಓದಿ ಅರ್ಥ ಮಾಡಿಕೊಳ್ಳುವಂತಿರಲಿ.

ಇದರಲ್ಲಿ ನಿಮಗೊಂದು ನಷ್ಟವಿದೆ, ಅದನ್ನು ಮುಚ್ಚಿಡುವುದಿಲ್ಲ. ಹೊಸ ನಿಯಮ ಬಂದರೆ ನಿಮ್ಮಲ್ಲಿ ಕೆಲವರು ಮುಂದಿನ ವರ್ಷ ಈ ಕುರ್ಚಿಯಲ್ಲಿರುವುದಿಲ್ಲ. ಹೆಚ್ಚು ಅಂಕ ಬಂದವರು ಸೋಲಬಹುದು, ಕೊನೆಯ ಬೆಂಚಿನವರು ಗೆಲ್ಲಬಹುದು. ಗೆದ್ದವರು ನಿಮಗಿಂತ ಚೆನ್ನಾಗಿ ಕೆಲಸ ಮಾಡುತ್ತಾರೆಂದು ನಾನು ಭರವಸೆ ಕೊಡಲಾರೆ. ಆದರೆ ಅವರು ತಪ್ಪಿದರೆ ಪ್ರಶ್ನಿಸುವ ಅಧಿಕಾರ ಅವರನ್ನು ಕಳಿಸಿದವರಿಗಿರುತ್ತದೆ; ಇಂದು ನಿಮ್ಮನ್ನು ಪ್ರಶ್ನಿಸುವ ಅಧಿಕಾರ ನಿಮ್ಮ ತರಗತಿಗಿಲ್ಲ.

ಮುಂದಿನ ಸೆಮಿಸ್ಟರ್ ಶುರುವಾದ ಮೊದಲ ತಿಂಗಳೊಳಗೆ, ಮಧ್ಯಾಹ್ನದ ಬಿಡುವಿನಲ್ಲಿ ಒಂದು ಸಭೆ ಕರೆಯಿರಿ. ದೂರದಿಂದ ಬರುವವರನ್ನು, ಬಾಕಿ ವಿಷಯಗಳಿರುವವರನ್ನು, ಇದುವರೆಗೆ ಯಾವ ಸಂಘಕ್ಕೂ ಸೇರದವರನ್ನು ಮೊದಲು ಮಾತಾಡಲು ಬಿಡಿ. ಅವರು ಹೇಳಿದ್ದನ್ನು ಬರೆದುಕೊಂಡು ನಿಯಮ ಮಾಡಿ, ನೋಟಿಸ್ ಬೋರ್ಡಿಗೆ ಹಾಕಿ, ಪ್ರಾಂಶುಪಾಲರ ಸಹಿ ಪಡೆಯಿರಿ.

ನಿಮ್ಮ ಹಿತೈಷಿ,
ಮಲೆನಾಡಿನ ಒಬ್ಬ ನಿವೃತ್ತ ಉಪನ್ಯಾಸಕ